‘ಯಾಕೆ?’ ಅಂತ ಕನ್ನಡದಲ್ಲಿ ಕೇಳಿ ನೋಡಿ, ನಮ್ಮ ಮಕ್ಕಳಿಗೆ ಉತ್ತರ ಗೊತ್ತುಂಟು

ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡ್ತೇನೆ.

ಭಾನುವಾರ ನಮ್ಮ ಊರಿನ ಹತ್ತನೇ ಕ್ಲಾಸಿನ ಏಳೆಂಟು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡ್ತೇನೆ. ಎಲ್ಲರೂ ಕನ್ನಡ ಮಾಧ್ಯಮದವರು, ಕಾಸರಗೋಡಿನ ಒಳ ಊರಿನವರು. ಒಂದು ವಾರ ಓ. ಹೆನ್ರಿಯ ‘ದಿ ಗಿಫ್ಟ್ ಆಫ್ ದಿ ಮ್ಯಾಜೈ’ ಕತೆ ಓದಿಸಿದೆ. ಮುಂದಿನ ವಾರ ಕಿರುಪರೀಕ್ಷೆ. ಪ್ರಶ್ನೆ ಒಂದೇ: ಡೆಲ್ಲಾ ತನ್ನ ಕೂದಲನ್ನು ಯಾಕೆ ಮಾರಿದಳು? ನಾಲ್ಕು ಅಂಕ.

ಒಬ್ಬಳು ಹೀಗೆ ಬರೆದಿದ್ದಳು: ‘ಡೆಲ್ಲಾ ಸೋಲ್ಡ್ ಹೇರ್. ಬಿಕಾಸ್ ಪೂರ್. ಶಿ ಈಸ್ ಗುಡ್ ವೈಫ್.’ ನಾನು ಕೆಂಪು ಪೆನ್ನು ತೆಗೆದು ನಾಲ್ಕಕ್ಕೆ ಒಂದು ಅಂಕ ಹಾಕಿದೆ. ಅವಳು ಏನೂ ಹೇಳಲಿಲ್ಲ. ಹಾಳೆ ಮಡಚಿ ಚೀಲದೊಳಗೆ ಇಟ್ಟಳು.

ಆಮೇಲೆ ಎಲ್ಲರೂ ಚಾ ಕುಡೀತಾ ಕೂತಿದ್ದಾಗ ಅದೇ ಪ್ರಶ್ನೆಯನ್ನು ಅವಳಿಗೆ ಕನ್ನಡದಲ್ಲಿ ಕೇಳಿದೆ. ಅವಳು ಹೇಳಿದ್ದು ಇದು: “ದುಡ್ಡಿಲ್ಲ ಅಂತ ಮಾತ್ರ ಅಲ್ಲ ಸರ್. ದುಡ್ಡಿಲ್ಲದಿದ್ರೆ ಏನೂ ಕೊಡದೆ ಸುಮ್ಮನೆ ಇರ್ಬಹುದಿತ್ತಲ್ಲ, ಗಂಡ ಏನೂ ಕೇಳ್ಲಿಲ್ಲ. ಆದ್ರೆ ಅವನ ವಾಚಿಗೆ ಚೈನು ಇಲ್ಲ, ಹಳೇ ಚರ್ಮದ ಪಟ್ಟಿ ಉಂಟು. ಅದಕ್ಕೇ ಅವ ಯಾರಿಗೂ ಕಾಣದ ಹಾಗೆ ಟೈಮ್ ನೋಡೋದು. ಅದು ಅವಳಿಗೆ ಗೊತ್ತುಂಟು. ಅವನ ನಾಚಿಕೆ ತೆಗೀಲಿಕ್ಕೆ ಅವಳು ತನ್ನ ಕೂದಲು ಕೊಟ್ಟದ್ದು.”

ಇದು ನಾಲ್ಕಕ್ಕೆ ನಾಲ್ಕು ಅಂಕದ ಉತ್ತರ. ಇದನ್ನು ಹೇಳಿದ ಹುಡುಗಿಗೆ ನಾನು ಒಂದು ಅಂಕ ಕೊಟ್ಟಿದ್ದೆ.

ಸಂಜೆ ಕರೆದುಕೊಂಡು ಹೋಗಲು ಅವಳ ಅಪ್ಪ ಬಂದರು. ಅಡಿಕೆ ತೋಟದ ಕೆಲಸಕ್ಕೆ ಹೋಗುವವರು. ಹಾಳೆ ನೋಡಿದರು. “ಇವಳದ್ದು ಹೀಗಾಯ್ತು ಮಾಷ್ಟ್ರೇ. ಸಣ್ಣವನನ್ನಾದ್ರೂ ಬರುವ ವರ್ಷ ಇಂಗ್ಲಿಷ್ ಮೀಡಿಯಂಗೆ ಹಾಕ್ತೇನೆ” ಅಂದರು. ನನ್ನ ಒಂದು ಅಂಕ ಎಲ್ಲಿಗೆ ಹೋಗಿ ಮುಟ್ಟಿತು ನೋಡಿ.

ಅವತ್ತಿನಿಂದ ನಾನು ಯೋಚನೆ ಮಾಡ್ತಾ ಇರುವುದು ಇಷ್ಟು. ಕತೆಯ ಪಾತ್ರದ ಮನಸ್ಸು ಅರ್ಥ ಮಾಡಿಕೊಳ್ಳುವುದು ಒಂದು ಕೆಲಸ, ಅದನ್ನು ಇಂಗ್ಲಿಷಿನಲ್ಲಿ ಬರೆಯುವುದು ಇನ್ನೊಂದು ಕೆಲಸ. ಮೊದಲನೆಯದು ನಮ್ಮ ಮಕ್ಕಳಿಗೆ ಬರ್ತದೆ. ಎರಡನೆಯದಕ್ಕೆ ಬೇಕಾದ ವ್ಯಾಕರಣ ನಾವು ಹೆದರಿದಷ್ಟು ದೊಡ್ಡದಲ್ಲ. ಎರಡನ್ನೂ ಒಂದೇ ಅಂತ ತಿಳಿದುಕೊಂಡು, ಇಂಗ್ಲಿಷ್ ಬಾರದ ಮಗುವಿಗೆ ಬುದ್ಧಿಯೇ ಇಲ್ಲ ಅಂತ ತೀರ್ಮಾನ ಮಾಡ್ತೇವೆ. ತಪ್ಪು ಅಲ್ಲಿ ಆಗ್ತಾ ಇದೆ.

ಕತೆ ಓದದವರಿಗೆ ಚುಟುಕಾಗಿ ಹೇಳ್ತೇನೆ. 1905ರಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಬಂದ ಕತೆ. ಕ್ರಿಸ್‌ಮಸ್ಸಿನ ಹಿಂದಿನ ದಿನ. ಡೆಲ್ಲಾಳ ಕೈಯಲ್ಲಿ ಇರುವುದು 1 ಡಾಲರ್ 87 ಸೆಂಟ್. ಕಿರಾಣಿಯವನ ಹತ್ತಿರ, ತರಕಾರಿಯವನ ಹತ್ತಿರ ಚೌಕಾಸಿ ಮಾಡಿ ಮಾಡಿ ಉಳಿಸಿದ ದುಡ್ಡು. ಅದನ್ನು ಅವಳು ಮೂರು ಸಲ ಎಣಿಸ್ತಾಳೆ. ಗಂಡ ಜಿಮ್‌ನ ಸಂಬಳ ವಾರಕ್ಕೆ 30 ಡಾಲರ್ ಇದ್ದದ್ದು 20ಕ್ಕೆ ಇಳಿದಿದೆ. ಮನೆಯಲ್ಲಿ ಬೆಲೆಬಾಳುವುದು ಅಂತ ಇರುವುದು ಎರಡೇ: ಅವಳ ಉದ್ದ ಕೂದಲು, ಅವನ ಅಜ್ಜನ ಕಾಲದ ಚಿನ್ನದ ವಾಚು. ಅವಳು ಕೂದಲನ್ನು 20 ಡಾಲರಿಗೆ ಮಾರಿ, 21 ಡಾಲರ್ ಕೊಟ್ಟು ವಾಚಿನ ಚೈನು ತರ್ತಾಳೆ. ಉಳಿದದ್ದು 87 ಸೆಂಟ್. ಜಿಮ್ ಮನೆಗೆ ಬರ್ತಾನೆ. ಅವನು ವಾಚು ಮಾರಿ ಅವಳ ಕೂದಲಿಗೆ ಬಾಚಣಿಗೆಗಳನ್ನು ತಂದಿದ್ದಾನೆ.

ಈಗ ಇಲ್ಲಿ ‘ಯಾಕೆ’ ಅನ್ನುವುದಕ್ಕೆ ಉತ್ತರ ಹೇಳಲು ಇಂಗ್ಲಿಷಿನಲ್ಲಿ ಮೂರು ಪದ ಸಾಕು: ‘ಬಿಕಾಸ್’, ‘ಟು’, ‘ಆಲ್‌ದೋ’. (ವಾಕ್ಯಗಳನ್ನೂ ಕನ್ನಡ ಅಕ್ಷರದಲ್ಲೇ ಬರೀತೇನೆ. ಗಟ್ಟಿಯಾಗಿ ಓದಿ, ಕಿವಿಗೆ ಕೂರ್ತದೆ.)

ಮೊದಲನೆಯದು ‘ಬಿಕಾಸ್’. ನಮ್ಮ ‘ಏಕೆಂದರೆ’. ಈ ಪದವನ್ನು ಒಮ್ಮೆ ಬಿಡಿಸಿ ನೋಡಿ: ಏಕೆ ಎಂದರೆ. ಪ್ರಶ್ನೆಯೇ ಪದದ ಒಳಗೆ ಕೂತಿದೆ. ತಾಳವಾಡಿಯ ಮಕ್ಕಳು ತಮಿಳಿನಲ್ಲಿ ‘ಏನೆಂದ್ರಾಲ್’ ಅಂತಾರೆ, ಮಡಕಶಿರದ ಮಕ್ಕಳು ತೆಲುಗಿನಲ್ಲಿ ‘ಎಂದುಕಂಟೆ’ ಅಂತಾರೆ, ಅದೇ ಕಟ್ಟಡ. ಜತ್ತದ ಮಕ್ಕಳಿಗೆ ಮರಾಠಿಯ ‘ಕಾರಣ’ ಹೊಸತೇ ಅಲ್ಲ. ಅಂದ ಮೇಲೆ ಗಡಿಯ ಮಗುವಿಗೆ ಕಾರಣ ಹೇಳುವ ದಾರಿ ಎರಡು ಭಾಷೆಯಲ್ಲಿ ಆಗಲೇ ಗೊತ್ತಿದೆ. ಮೂರನೆಯದನ್ನು ಸೇರಿಸಬೇಕು, ಅಷ್ಟೆ.

ನಿಯಮ ಒಂದೇ. ‘ಬಿಕಾಸ್’ ಆದ ಮೇಲೆ ಯಾರು ಅಂತ ಹೇಳಬೇಕು, ಏನಾಯ್ತು ಅಂತ ಹೇಳಬೇಕು. ‘ಬಿಕಾಸ್ ಪೂರ್’ ಅಂದರೆ ಯಾರು ಬಡವರು? ಕನ್ನಡದಲ್ಲಿ ‘ಬಡತನ ಇತ್ತಲ್ಲ, ಅದಕ್ಕೇ’ ಅಂದರೆ ಸಾಕಾಗ್ತದೆ, ಯಾರಿಗೆ ಅನ್ನುವುದು ಕೇಳುವವನಿಗೆ ತಿಳೀತದೆ. ಇಂಗ್ಲಿಷ್ ಹಾಗೆ ಬಿಡುವುದಿಲ್ಲ. ‘ಬಿಕಾಸ್ ಶಿ ವಾಸ್ ಪೂರ್’ ಅಂತಲೇ ಬೇಕು. ಬರೀ ಹೆಸರುಪದ ಇಡುವುದಾದರೆ ‘ಬಿಕಾಸ್ ಆಫ್’: ‘ಬಿಕಾಸ್ ಆಫ್ ಪಾವರ್ಟಿ’. ಇನ್ನೊಂದು ವಿಷಯ. ನಾವು ಕಾರಣವನ್ನು ಮೊದಲು ಹೇಳಿ ಕೆಲಸವನ್ನು ಕೊನೆಗೆ ಹೇಳ್ತೇವೆ. ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಮಾಡಿದ ಕೆಲಸ ಮೊದಲು, ಕಾರಣ ಆಮೇಲೆ. ಕನ್ನಡ ವಾಕ್ಯವನ್ನು ಪದಕ್ಕೆ ಪದ ಇಟ್ಟು ತಿರುಗಿಸಲು ಹೋದಾಗ ಮಗು ಮುಗ್ಗರಿಸುವುದು ಈ ಜಾಗದಲ್ಲಿ.

ಎರಡನೆಯದು ‘ಟು’. ಪುಸ್ತಕದಲ್ಲಿ ‘ಕೊಳ್ಳಲು’, ನಮ್ಮ ಕಡೆ ‘ತೆಗೊಳ್ಳಲಿಕ್ಕೆ’, ಸೊಲ್ಲಾಪುರ ಕಡೆ ‘ತಗೊಳ್ಳಾಕ’, ಹೊಸೂರು ಕಡೆ ‘ತಗೊಳ್ಳೋಕೆ’. ಇಷ್ಟಕ್ಕೂ ಇಂಗ್ಲಿಷಿನಲ್ಲಿ ಎರಡೇ ಪದ: ‘ಟು ಬೈ’. ‘ಶಿ ಸೋಲ್ಡ್ ಹರ್ ಹೇರ್ ಟು ಬೈ ಎ ಚೈನ್.’ ‘ಫಾರ್ ಟು ಬೈ’ ಅಂತ ಬರೆಯಬೇಡಿ, ‘ಟು ಬಾಟ್’ ಅಂತಲೂ ಬೇಡ.

‘ಬಿಕಾಸ್’ಗೂ ‘ಟು’ಗೂ ಇರುವ ವ್ಯತ್ಯಾಸ ಬರೀ ವ್ಯಾಕರಣದ್ದಲ್ಲ. ‘ಬಿಕಾಸ್’ ಹೇಳುವುದು ಹಿಂದಿನಿಂದ ತಳ್ಳಿದ್ದನ್ನು, ‘ಟು’ ಹೇಳುವುದು ಮುಂದಿನಿಂದ ಎಳೆದದ್ದನ್ನು. ಡೆಲ್ಲಾಳನ್ನು ಹಿಂದಿನಿಂದ ತಳ್ಳಿದ್ದು 1 ಡಾಲರ್ 87 ಸೆಂಟ್. ಮುಂದಿನಿಂದ ಎಳೆದದ್ದು ಗಂಡನ ಮುಖದಲ್ಲಿ ಕಾಣಬೇಕಾಗಿದ್ದ ಸಂತೋಷ. ‘ಬಡವಳು, ಅದಕ್ಕೇ ಮಾರಿದಳು’ ಅಂತ ಮಾತ್ರ ಬರೆದರೆ ಅವಳನ್ನು ಅರ್ಧಕ್ಕೇ ಬಿಟ್ಟ ಹಾಗೆ. ಬಡವರು ಅವಳ ಬೀದಿಯಲ್ಲಿ ಬೇರೆಯವರೂ ಇದ್ದಿರಬಹುದು. ಕೂದಲು ಮಾರಿದ್ದು ಅವಳು.

ಮೂರನೆಯದು ‘ಆಲ್‌ದೋ’. ನಮ್ಮ ‘ಆದರೂ’. ನನಗೆ ಅತಿ ಮುಖ್ಯ ಅನಿಸುವುದು ಇದೇ. ಕನ್ನಡಿಯ ಮುಂದೆ ನಿಂತು ಕೂದಲು ಕಟ್ಟಿಕೊಂಡ ಮೇಲೆ ಅವಳು ಒಂದು ನಿಮಿಷ ಅಲ್ಲಾಡದೆ ನಿಲ್ತಾಳೆ, ಒಂದೆರಡು ಹನಿ ಕಣ್ಣೀರು ನೆಲಕ್ಕೆ ಬೀಳ್ತದೆ. ಹಾಗಾದರೆ ಅವಳಿಗೆ ಆ ಕೂದಲು ಬೇಕಾಗಿತ್ತು. ‘ಆಲ್‌ದೋ ಶಿ ಲವ್ಡ್ ಹರ್ ಹೇರ್, ಶಿ ಸೋಲ್ಡ್ ಇಟ್.’ ಪಾತ್ರ ಏನನ್ನು ಬಿಟ್ಟುಕೊಟ್ಟಿತು ಅಂತ ಗೊತ್ತಾಗುವವರೆಗೆ ಅದರ ಆಸೆ ಎಷ್ಟು ಗಟ್ಟಿ ಅಂತ ಗೊತ್ತಾಗುವುದಿಲ್ಲ. ಒಂದು ಎಚ್ಚರಿಕೆ: ‘ಆಲ್‌ದೋ’ ಹಾಕಿದ ಮೇಲೆ ಅದೇ ವಾಕ್ಯದಲ್ಲಿ ‘ಬಟ್’ ಬೇಡ. ನಮ್ಮಲ್ಲಿ ತುಂಬ ಜನ ಮಾಡುವ ತಪ್ಪು ಅದು.

ಇನ್ನು ಕ್ರಿಯಾಪದದ ಒಂದು ಮಾತು. ‘ಪ್ರೀತಿಸುತ್ತಿದ್ದಳು’ ಅಂತ ಕನ್ನಡದಲ್ಲಿ ಹೇಳ್ತೇವೆ ಅಂತ ‘ಶಿ ವಾಸ್ ಲವಿಂಗ್’ ಅಂತ ಬರೀತಾರೆ. ‘ಶಿ ವಾಸ್ ವಾಂಟಿಂಗ್’, ‘ಶಿ ವಾಸ್ ನೋಯಿಂಗ್’ ಕೂಡ ಹಾಗೇ ಬರ್ತದೆ. ಮನಸ್ಸಿನೊಳಗೆ ನೆಲೆಯಾಗಿ ಇರುವ ಪ್ರೀತಿ, ಆಸೆ, ತಿಳಿವಳಿಕೆಗೆ ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ‘ಇಂಗ್’ ಹಚ್ಚುವುದಿಲ್ಲ. ‘ಶಿ ಲವ್ಡ್’, ‘ಶಿ ವಾಂಟೆಡ್’, ‘ಶಿ ನ್ಯೂ’. ಪಾತ್ರದ ಉದ್ದೇಶ ಬರೆಯುವಾಗ ಹೆಚ್ಚು ಬೇಕಾಗುವುದು ಇವೇ ಕ್ರಿಯಾಪದಗಳು, ಹಾಗಾಗಿ ಈ ಒಂದು ತಪ್ಪು ತಿದ್ದಿಕೊಂಡರೆ ಅರ್ಧ ಹಾಳೆ ಸರಿಯಾಗ್ತದೆ.

ಪದಗಳ ವಿಷಯಕ್ಕೆ ಬರೋಣ. ನಮ್ಮ ಮಕ್ಕಳ ಉತ್ತರದಲ್ಲಿ ಪಾತ್ರಗಳೆಲ್ಲ ನಾಲ್ಕೇ ಬಗೆ: ‘ಗುಡ್’, ‘ಬ್ಯಾಡ್’, ‘ಹ್ಯಾಪಿ’, ‘ಸ್ಯಾಡ್’. ಅದೇ ಮಕ್ಕಳು ಕನ್ನಡದಲ್ಲಿ ಮಾತಾಡುವಾಗ ಹೊಟ್ಟೆಕಿಚ್ಚು, ಹಟ, ಛಲ, ಮುನಿಸು, ಅಳುಕು, ಜಂಬ, ಹಂಗು ಅಂತೆಲ್ಲ ಬೇರೆ ಬೇರೆ ಮಾಡಿ ಹೇಳ್ತಾರೆ. ಮನಸ್ಸನ್ನು ಅಳೆಯುವ ಇಷ್ಟು ಸಣ್ಣ ಸಣ್ಣ ಅಳತೆಗಳು ಅವರ ಹತ್ತಿರ ಇವೆ. ಒಂದೊಂದಕ್ಕೂ ಇಂಗ್ಲಿಷಿನ ಜೊತೆ ಹುಡುಕಿಸಬೇಕು: ‘ಜೆಲಸ್’, ‘ಸ್ಟಬರ್ನ್’, ‘ಅಫ್ರೇಡ್’, ‘ಪ್ರೌಡ್’, ‘ಗ್ರೇಟ್‌ಫುಲ್’, ‘ಲಾಯಲ್’, ‘ಗಿಲ್ಟಿ’, ‘ಗ್ರೀಡಿ’.

ಹುಡುಕುವಾಗ ಎರಡೂ ಭಾಷೆ ಸ್ಪಷ್ಟ ಆಗ್ತವೆ. ಹೆಮ್ಮೆ ಬೇರೆ, ಜಂಬ ಬೇರೆ ಅಂತ ನಾವು ಹೇಳ್ತೇವೆ. ಇಂಗ್ಲಿಷಿನ ‘ಪ್ರೌಡ್’ ಎರಡಕ್ಕೂ ಆಗ್ತದೆ, ಯಾವುದು ಅಂತ ಸಂದರ್ಭ ನೋಡಿ ತಿಳಿಯಬೇಕು. ನಾಚಿಕೆಯಲ್ಲಿ ಉಲ್ಟಾ. ನಮಗೆ ಒಂದೇ ನಾಚಿಕೆ. ಇಂಗ್ಲಿಷಿನಲ್ಲಿ ಹೊಸಬರ ಮುಂದೆ ಬಾಯಿ ಬಿಡದವರು ‘ಶೈ’, ತಪ್ಪಿಗೋ ಕೊರತೆಗೋ ತಲೆ ತಗ್ಗಿಸುವವರು ‘ಅಶೇಮ್ಡ್’. ನಮ್ಮ ಹುಡುಗಿ ಹೇಳಿದ ಜಿಮ್‌ನ ನಾಚಿಕೆ ಎರಡನೆಯದು. ಈ ಒಂದು ಪದ ಅವಳಿಗೆ ಗೊತ್ತಿದ್ದಿದ್ದರೆ ನನ್ನ ಕೆಂಪು ಪೆನ್ನು ಅಲ್ಲಿಯೇ ನಿಲ್ತಿತ್ತು.

ಪಾತ್ರ ಯಾಕೆ ಹಾಗೆ ಮಾಡಿತು ಅಂತ ಕೇಳುವುದು ಇಂಗ್ಲಿಷ್ ಪುಸ್ತಕದಿಂದ ನಮಗೆ ಬಂದದ್ದು ಅಂತ ಯಾರಾದರೂ ಹೇಳಿದರೆ ಅವರನ್ನು ಒಂದು ರಾತ್ರಿ ತಾಳಮದ್ದಳೆಗೆ ಕರೆದುಕೊಂಡು ಹೋಗಿ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳ್ತಾರೆ, ಅರ್ಥಧಾರಿ ಕೂತಲ್ಲೇ ಪಾತ್ರವಾಗಿ ಮಾತಾಡ್ತಾನೆ. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಕೇಳ್ತಾನೆ: ಮರೆಯಲ್ಲಿ ನಿಂತು ಯಾಕೆ ಹೊಡೆದೆ? ರಾಮ ಉತ್ತರ ಕೊಡಬೇಕು. ನಮ್ಮ ಈ ನೆಲದ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥವನ್ನು ಹಿರಿಯರು ಇವತ್ತಿಗೂ ನೆನಪು ಮಾಡಿಕೊಳ್ತಾರಲ್ಲ, ಅದು ಬರೀ ಮಾತಿನ ಚಂದಕ್ಕಲ್ಲ. ರಾವಣನೋ ವಾಲಿಯೋ ಯಾಕೆ ಹಾಗೆ ನಡೆದುಕೊಂಡ ಅನ್ನುವುದನ್ನು ಕೇಳಿದವರು ಒಪ್ಪುವ ಹಾಗೆ ಅವರು ಬಿಡಿಸಿ ಹೇಳ್ತಿದ್ದರು. ಸೊಲ್ಲಾಪುರ, ಅಕ್ಕಲಕೋಟೆ ಕಡೆಯವರಿಗೆ ಸಣ್ಣಾಟ, ಬಯಲಾಟದ ರುಚಿ ಗೊತ್ತಿದೆ. ‘ಸಂಗ್ಯಾ ಬಾಳ್ಯಾ’ ನೋಡಿ ಬಂದವರು ಬಾಳ್ಯಾ ಗೆಳೆಯನಿಗೆ ಹಾಗೆ ಯಾಕೆ ಮಾಡಿದ ಅಂತ ಮಾತಾಡದೆ ಇರ್ತಾರೆಯೇ?

ತಾಳಮದ್ದಳೆಯಿಂದ ಕಲಿಯಬೇಕಾದ ಇನ್ನೊಂದು ಶಿಸ್ತು ಇದೆ. ಅರ್ಥಧಾರಿ ಎಷ್ಟೇ ಚತುರನಾದರೂ ಪದ ಬಿಟ್ಟು ಆಚೆ ಹೋಗುವ ಹಾಗಿಲ್ಲ. ಪರೀಕ್ಷೆಯಲ್ಲೂ ಅಷ್ಟೆ. ‘ಡೆಲ್ಲಾ ಗಂಡನನ್ನು ಪ್ರೀತಿಸ್ತಿದ್ದಳು’ ಅಂದರೆ ಸಾಲದು, ಕತೆಯಲ್ಲಿ ಎಲ್ಲಿದೆ ಅಂತ ತೋರಿಸಬೇಕು. ಮೂರು ಸಲ ಎಣಿಸಿದ ದುಡ್ಡು, ಕನ್ನಡಿಯ ಮುಂದಿನ ಕಣ್ಣೀರು, ಕೂದಲು ಕತ್ತರಿಸಿದ ಮೇಲೆ ‘ಇನ್ನೂ ನಾನು ಅವನಿಗೆ ಚಂದ ಕಾಣಲಿ’ ಅಂತ ಮಾಡಿದ ಪ್ರಾರ್ಥನೆ. ಇವು ಸಾಕ್ಷಿ. ಗೈಡಿನಿಂದ ಬಾಯಿಪಾಠ ಮಾಡಿದ ಉತ್ತರದಲ್ಲಿ ಇಲ್ಲದಿರುವುದು ಇದೇ.

‘ಬ್ಯಾಡ್’ ಅನ್ನುವುದು ಉತ್ತರವೇ ಅಲ್ಲ ಅಂತ ನಮಗೆ ಕಲಿಸಿದವರಲ್ಲಿ ಕುವೆಂಪು ಒಬ್ಬರು. ಮಂಥರೆ ಅಂದರೆ ಕೆಟ್ಟವಳು ಅಂತ ಊರೆಲ್ಲ ಹೇಳ್ತಿತ್ತು. 1949ರಲ್ಲಿ ಪ್ರಕಟವಾದ ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಅವರು ಅವಳ ಪಾಲಿನ ಸಂಚಿಕೆಗೆ ‘ಮಮತೆಯ ಸುಳಿ ಮಂಥರೆ’ ಅಂತ ಹೆಸರಿಟ್ಟರು. ಕೆಟ್ಟ ಕೆಲಸದ ಹಿಂದೆ ಮಮತೆ ಇತ್ತು, ಅದು ಸುಳಿಯಾಗಿ ಅವಳನ್ನೂ ಎಳೆದುಕೊಂಡಿತು. ಅವಳು ಮಾಡಿದ್ದು ಸರಿ ಅಂತ ಇದರ ಅರ್ಥ ಅಲ್ಲ. ಯಾಕೆ ಮಾಡಿದಳು ಅಂತ ತಿಳಿದುಕೊಳ್ಳುವುದೂ ಅವಳನ್ನು ಕ್ಷಮಿಸುವುದೂ ಒಂದೇ ಅಲ್ಲ. ಈ ವ್ಯತ್ಯಾಸ ಗೊತ್ತಿದ್ದರೆ ‘ಕ್ಯಾರೆಕ್ಟರ್ ಸ್ಕೆಚ್’ ಅನ್ನುವ ಪ್ರಶ್ನೆಗೆ ಯಾವ ಭಾಷೆಯಲ್ಲೂ ಹೆದರಬೇಕಾಗಿಲ್ಲ.

ಒಂದು ಆಕ್ಷೇಪ ಬರ್ತದೆ, ನನಗೂ ಗೊತ್ತು. “ಕನ್ನಡದಲ್ಲಿ ಯೋಚನೆ ಮಾಡಿ ಇಂಗ್ಲಿಷಿಗೆ ತಂದರೆ ಇಂಗ್ಲಿಷ್ ಯಾವತ್ತು ಬರುವುದು? ಇಂಗ್ಲಿಷಿನಲ್ಲೇ ಯೋಚನೆ ಮಾಡಬೇಕು.” ಈ ಮಾತಿನಲ್ಲಿ ಸತ್ಯ ಇಲ್ಲ ಅಂತ ನಾನು ಹೇಳುವುದಿಲ್ಲ. ಓದ್ತಾ ಓದ್ತಾ ಒಂದು ದಿನ ಇಂಗ್ಲಿಷ್ ವಾಕ್ಯ ನೇರವಾಗಿ ನಾಲಗೆಗೆ ಬರಬೇಕು. ಅದಕ್ಕೆ ಪುಸ್ತಕ ಬೇಕು, ಸಮಯ ಬೇಕು. ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೆ ಎಷ್ಟೋ ಕಡೆ ಇಂಗ್ಲಿಷ್ ಸರಿಯಾಗಿ ಸಿಗ್ತಾ ಇಲ್ಲ ಅನ್ನುವುದನ್ನೂ ನಾವು ಮುಚ್ಚಿಡಬಾರದು. ಆದರೆ ನಾನು ಹೇಳ್ತಾ ಇರುವುದು ಪದಕ್ಕೆ ಪದ ತರ್ಜುಮೆ ಮಾಡಿ ಅಂತ ಅಲ್ಲ. ಪಾತ್ರದ ಮನಸ್ಸನ್ನು ಗೊತ್ತಿರುವ ಭಾಷೆಯಲ್ಲಿ ಮೊದಲು ಹಿಡಿಯಿರಿ, ಆಮೇಲೆ ಇಂಗ್ಲಿಷಿನ ಅಚ್ಚಿನಲ್ಲಿ ವಾಕ್ಯ ಕಟ್ಟಿ. ಹೇಳಲು ಏನೂ ಇಲ್ಲದವನಿಗೆ ವ್ಯಾಕರಣ ಎಷ್ಟು ಕಲಿಸಿದರೇನು? ಇಂಗ್ಲಿಷ್ ಮೀಡಿಯಂನಲ್ಲಿ ಓದಿ ತಪ್ಪಿಲ್ಲದ ವಾಕ್ಯದಲ್ಲಿ ‘ಶಿ ವಾಸ್ ಎ ಗುಡ್ ವೈಫ್’ ಅಂತ ಬರೆದು ಮುಗಿಸುವ ಮಕ್ಕಳನ್ನೂ ನಾನು ನೋಡಿದ್ದೇನೆ.

ಮನೆಯಲ್ಲಿ ಮಾಡಲು ಒಂದು ಸುಲಭದ ಅಭ್ಯಾಸ ಹೇಳ್ತೇನೆ. ‘ಗೋವಿನ ಹಾಡು’ ಗಡಿಯ ಎಲ್ಲಾ ಕಡೆಯ ಕನ್ನಡದ ಮಕ್ಕಳಿಗೂ ಗೊತ್ತಿದೆ. ಪುಣ್ಯಕೋಟಿ ಹುಲಿಯ ಹತ್ತಿರ ವಾಪಸ್ ಯಾಕೆ ಹೋಯಿತು ಅಂತ ಕೇಳಿ. ಮಗು ಕನ್ನಡದಲ್ಲಿ ಹೇಳಲಿ. ಆಮೇಲೆ ಬರೆಸಿ: ‘ದಿ ಕೌ ವೆಂಟ್ ಬ್ಯಾಕ್ ಬಿಕಾಸ್ ಶಿ ಹ್ಯಾಡ್ ಗಿವನ್ ಹರ್ ವರ್ಡ್.’ ಇಲ್ಲಿ ‘ಹ್ಯಾಡ್’ ಯಾಕೆ? ಮಾತು ಕೊಟ್ಟದ್ದು ಮೊದಲು, ಹೋದದ್ದು ಆಮೇಲೆ, ಅದಕ್ಕೆ. ಹೋದದ್ದು ಯಾಕೆ? ‘ಟು ಕೀಪ್ ಹರ್ ವರ್ಡ್.’ ಬಿಟ್ಟು ಹೋದದ್ದು ಏನು? ‘ಆಲ್‌ದೋ ಶಿ ಲವ್ಡ್ ಹರ್ ಕಾಫ್, ಶಿ ವೆಂಟ್ ಬ್ಯಾಕ್.’ ಕೊನೆಗೆ ಕಷ್ಟದ ಪ್ರಶ್ನೆ: ಹಸಿದ ಹುಲಿ ಅವಳನ್ನು ತಿನ್ನದೆ ತಾನೇ ಯಾಕೆ ಪ್ರಾಣ ಬಿಟ್ಟಿತು? ‘ಅಶೇಮ್ಡ್’ ಅನ್ನಬೇಕೋ ‘ಗಿಲ್ಟಿ’ ಅನ್ನಬೇಕೋ? ನಮ್ಮ ಭಾನುವಾರದ ಮಕ್ಕಳು ಇದರ ಮೇಲೆ ಅರ್ಧ ಗಂಟೆ ಜಗಳ ಆಡಿದರು. ಆ ಅರ್ಧ ಗಂಟೆಯಲ್ಲಿ ಅವರು ಕಲಿತದ್ದು ನಾನು ಒಂದು ತಿಂಗಳಿಂದ ಬೋರ್ಡಿನ ಮೇಲೆ ಬರೆದದ್ದಕ್ಕಿಂತ ಜಾಸ್ತಿ.

ಇನ್ನೊಂದು ಮಾತು ನಮಗೇ, ಕನ್ನಡದ ಕೆಲಸ ಅಂತ ಓಡಾಡುವವರಿಗೆ. ಆ ಹುಡುಗಿಯ ಅಪ್ಪ ಸಣ್ಣ ಮಗನನ್ನು ಇಂಗ್ಲಿಷ್ ಮೀಡಿಯಂಗೆ ಹಾಕ್ತೇನೆ ಅಂದಾಗ ನನಗೆ ಮೊದಲು ಬಂದದ್ದು ಸಿಟ್ಟು. ಅಂಥವರನ್ನು ಕರೆಯಲು ನಮ್ಮ ಹತ್ತಿರ ಸಿದ್ಧವಾಗಿರುವ ಬೈಗುಳ ನಿಮಗೂ ಗೊತ್ತು. ಆದರೆ ಕತೆಯ ಪಾತ್ರಕ್ಕೆ ಕೊಡುವ ನ್ಯಾಯವನ್ನು ಎದುರಿಗೆ ನಿಂತ ಮನುಷ್ಯನಿಗೂ ಕೊಡಬೇಕಲ್ಲ. ಹಿಂದಿನಿಂದ ತಳ್ಳಿದ್ದು ಏನು? ಮಗಳ ಕೈಯಲ್ಲಿದ್ದ ಒಂದು ಅಂಕದ ಹಾಳೆ, ಹೆದರಿಕೆ. ಮುಂದಿನಿಂದ ಎಳೆದದ್ದು ಏನು? ಮಗ ತೋಟದ ಕೂಲಿಗೆ ಹೋಗಬಾರದು ಅನ್ನುವ ಆಸೆ. ‘ಆದರೂ’ ಎಲ್ಲಿದೆ? ಆ ಮನುಷ್ಯ ಆಟ ಇದ್ದಲ್ಲಿಗೆ ಮೈಲಿ ದೂರ ನಡೆದು ಹೋಗಿ ಬೆಳಗಿನವರೆಗೆ ಕೂರುವವರು, ಮಗಳಿಗೆ ಪದ ಹೇಳಿಕೊಟ್ಟವರು. ‘ಕನ್ನಡದ ಮೇಲೆ ಪ್ರೀತಿ ಇಲ್ಲ’ ಅಂತ ಅವರ ಬಗ್ಗೆ ಬರೆದರೆ ನಾಲ್ಕಕ್ಕೆ ಸೊನ್ನೆ. ಹೆದರಿಕೆಗೆ ಉತ್ತರ ಬೈಗುಳ ಅಲ್ಲ. ಮಗಳ ಇಂಗ್ಲಿಷ್ ಸರಿ ಮಾಡಿ ತೋರಿಸುವುದೇ ಉತ್ತರ.

ಅವಳು ಮರುವಾರ ಅದೇ ಪ್ರಶ್ನೆಗೆ ಮತ್ತೆ ಬರೆದಳು: ‘ಡೆಲ್ಲಾ ಸೋಲ್ಡ್ ಹರ್ ಹೇರ್ ಟು ಬೈ ಚೈನ್ ಫಾರ್ ಜಿಮ್ಸ್ ವಾಚ್. ಶಿ ಡಿಡ್ ಇಟ್ ಬಿಕಾಸ್ ಜಿಮ್ ವಾಸ್ ಅಶೇಮ್ಡ್ ಆಫ್ ದಿ ಓಲ್ಡ್ ಸ್ಟ್ರ್ಯಾಪ್. ಆಲ್‌ದೋ ಶಿ ಲವ್ಡ್ ಹರ್ ಹೇರ್, ಶಿ ಲವ್ಡ್ ಹಿಮ್ ಮೋರ್.’ ‘ಚೈನ್’ನ ಹಿಂದೆ ಒಂದು ‘ಎ’ ಬಿಟ್ಟಿದ್ದಳು. ಇರಲಿ, ನಾಲ್ಕಕ್ಕೆ ನಾಲ್ಕು ಕೊಟ್ಟೆ. ಹಾಳೆಯನ್ನು ಈ ಸಲ ಮಡಚಲಿಲ್ಲ, ಅಪ್ಪನ ಕೈಗೆ ಕೊಟ್ಟಳು.

ಅವರು ಸಣ್ಣವನ ವಿಷಯ ಇನ್ನೂ ತೀರ್ಮಾನ ಮಾಡಿಲ್ಲ. ಆದರೆ ಕಳೆದ ಭಾನುವಾರ ಅವನನ್ನೂ ಕರೆದುಕೊಂಡು ಬಂದು ಹಿಂದಿನ ಬೆಂಚಿನಲ್ಲಿ ಕೂರಿಸಿ ಹೋದರು. ನಿಮ್ಮ ಊರಿನಲ್ಲೂ ಇಂಥ ಒಂದು ಬೆಂಚು ಹಾಕಿ. ಹತ್ತು ಮಕ್ಕಳು ಬೇಕಾಗಿಲ್ಲ, ಇಬ್ಬರು ಸಾಕು. ಒಂದು ಕತೆ ಓದಿಸಿ, ‘ಯಾಕೆ’ ಅಂತ ಕನ್ನಡದಲ್ಲಿ ಕೇಳಿ, ಪೂರ್ತಿ ಕೇಳಿಸಿಕೊಳ್ಳಿ. ಕೆಂಪು ಪೆನ್ನು ಆಮೇಲೆ ತೆಗೆಯಿರಿ.